ಅಂಗಿ ತರುವ ಗಾಡಿ

ಗಾಡಿ ಬರುವುದು ಅಂಗಿಗಳಿಗಾಗಿ. ನಮಗಾಗಿ ಅಲ್ಲ. ಕೆಲಸಕ್ಕೆ ಸೇರಿಸಿಕೊಂಡಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ. ಅದಕ್ಕೇ ನಾನು ಮೊದಲೇ ಹೇಳುತ್ತಿದ್ದೇನೆ.

ನಮ್ಮ ಓಣಿಯ ಬೆನ್ನಿಗೆ ಒಂದು ಒಗೆಯುವ ಶೆಡ್ಡು ಇದೆ. ಫ್ಯಾಕ್ಟರಿಯಲ್ಲಿ ಹೊಲಿದ ಬಿಳಿ ಅಂಗಿಗಳು ಅಲ್ಲಿಗೆ ಬರುತ್ತವೆ. ಒಗೆಸಿಕೊಂಡು, ಇಸ್ತ್ರಿ ಹಾಕಿಸಿಕೊಂಡು, ಕಟ್ಟು ಕಟ್ಟಿಸಿಕೊಂಡು ಬೆಳಿಗ್ಗೆ ಮತ್ತೆ ಫ್ಯಾಕ್ಟರಿಗೆ ಹೋಗುತ್ತವೆ. ಅವನ್ನು ಒಯ್ಯಲು ಒಂದು ಮುಚ್ಚಿದ ಗೂಡ್ಸ್ ಗಾಡಿ ಬರುತ್ತದೆ. ಹೇಗಿದ್ದರೂ ಬರುವ ಗಾಡಿ, ಆ ಓಣಿಯ ಹೆಂಗಸರನ್ನೂ ಹಾಕಿಕೊಂಡು ಬಾ ಎಂದು ಯಾರೋ ಡ್ರೈವರಿಗೆ ಹೇಳಿದರು. ಅಂದಿನಿಂದ ನಾವೂ ಸರಕಾದೆವು.

ಸರಕು ಎಂದರೆ ಅಂಗಿಗಳಿಗೆ ಬೇಜಾರಾದೀತು. ಅವಕ್ಕೆ ಗಾಡಿಯೊಳಗೆ ಹಲಗೆ ಇದೆ. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಸು. ಅತ್ತಿತ್ತ ಜರುಗದ ಹಾಗೆ ಎರಡೂ ಕಡೆಯಿಂದ ಹಗ್ಗ ಬಿಗಿಯುತ್ತಾರೆ. ಗಂಟು ಎಳೆದು ನೋಡುತ್ತಾರೆ. ನಮಗೆ ಹಲಗೆ ಇಲ್ಲ, ಹಾಸು ಇಲ್ಲ, ಹಗ್ಗ ಇಲ್ಲ. ತಲೆಯ ಮೇಲೆ ಒಂದು ಕಬ್ಬಿಣದ ಕಂಬಿ. ಕಾಲ ಬಳಿ ಚಕ್ರದ ಮೇಲಿನ ಕಬ್ಬಿಣದ ಉಬ್ಬು. ನಾವು ಹತ್ತಿ ನಿಂತ ಮೇಲೆ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕುತ್ತಾರೆ. ಒಳಗಿನ ಹಿಡಿ ಯಾವ ಕಾಲದಲ್ಲೋ ಕಿತ್ತುಹೋಗಿದೆ.

ನಿಲ್ಲುವುದಕ್ಕೆ ನಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದೆವು. ಬಾಗಿಲ ಬಳಿ ನಾವು ಉದ್ದಕ್ಕ ಎಂದು ಕರೆಯುವವಳು. ಅವಳ ತಲೆ ಚಾವಣಿಗೆ ತಾಗುತ್ತದೆ. ಕುತ್ತಿಗೆ ಬಗ್ಗಿಸಿ, ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಬಸುರಿಯರು ನಡುವೆ. ಅವರ ಸುತ್ತ ನಾವು, ಒಬ್ಬರ ಸೊಂಟ ಒಬ್ಬರು ಹಿಡಿದು. ಕಟ್ಟುಗಳಿಗೆ ಒರಗುವ ಹಾಗಿಲ್ಲ. ಮೆತ್ತಗಿದ್ದದ್ದು ಅದೊಂದೇ, ಅದಕ್ಕೇ ಒರಗುವ ಹಾಗಿಲ್ಲ. ಹಲಗೆಯಲ್ಲಿ ಹಿಡಿಸದೆ ಉಳಿದ ಕಟ್ಟುಗಳನ್ನು ನಮ್ಮ ಕೈಗೇ ಕೊಡುತ್ತಿದ್ದರು.

ಆಫೀಸಿನವರಿಗೆ ಬೇರೆ ಬಸ್ಸು. ಅದೂ ಅದೇ ದಾರಿಯಲ್ಲಿ, ನಾವು ಗಾಡಿ ಹತ್ತುವ ಹೊತ್ತಿಗೆ ನಮ್ಮ ಮುಂದೆಯೇ ಹೋಗುತ್ತದೆ. ಮೆತ್ತನೆ ಸೀಟು, ಸೀಟಿಗೆ ಬೆಲ್ಟು, ಕಿಟಕಿಗೆ ಪರದೆ. ಅರ್ಧ ಬಸ್ಸು ಖಾಲಿ.

“ನೋಡ್ರೇ, ಗಾಳಿಗೂ ಸೀಟ್ ಕೊಟ್ಟಿದಾರೆ. ಬೆಲ್ಟ್ ಬೇರೆ ಹಾಕ್ಕೊಂಡಿದೆ” ಎನ್ನುತ್ತಿದ್ದಳು ಉದ್ದಕ್ಕ.

ನಗುತ್ತಿದ್ದೆವು. ನಕ್ಕು ನಕ್ಕೇ ಅಷ್ಟು ವರ್ಷ ನಿಂತುಕೊಂಡು ಹೋದೆವು.

ಇನ್ನೊಂದು ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಫ್ಯಾಕ್ಟರಿ ಹಾಲಿನ ಎದುರು ಗೋಡೆಯ ಬಳಿ ಒಂದು ಮರದ ಮಣೆ ಇದೆ. ನಾವು ಅದಕ್ಕೆ ಕಲೆಕಟ್ಟೆ ಎನ್ನುತ್ತೇವೆ. ಯಾರ ಕೈಯಿಂದ ಅಂಗಿಗೆ ಕಲೆಯಾಯಿತೋ ಅವರು ಆ ಅಂಗಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಆ ಮಣೆಯ ಮೇಲೆ ನಿಲ್ಲಬೇಕು. ಊಟದ ಗಂಟೆ ಹೊಡೆಯುವವರೆಗೆ. ಕೈ ಇಳಿಸಿದರೆ ಸೂಪರ್‌ವೈಸರ್ ಸ್ಕೇಲಿನಿಂದ ಮೊಣಕೈ ಎತ್ತುತ್ತಾನೆ. ಹೊಡೆಯುವುದಿಲ್ಲ, ಎತ್ತುತ್ತಾನೆ. ಹೊಡೆದರೆ ಕೇಳಬಹುದಿತ್ತು.

ನನ್ನ ಮಗಳು ಕೆಲಸಕ್ಕೆ ಸೇರಿದ ಎರಡನೇ ವಾರ ಅಲ್ಲಿ ನಿಂತಳು. ನೂಲಿನ ತುದಿ ಕತ್ತರಿಸುವ ಕೆಲಸ ಅವಳದು. ಬೆರಳಿಗೆ ಕತ್ತರಿ ತಾಗಿ ಒಂದು ಚುಕ್ಕೆ ರಕ್ತ ಅಂಗಿಗೆ ಹತ್ತಿತು. ಬೆರಳಿಗೆ ಏನಾಯಿತೆಂದು ಕೇಳುವವರಿರಲಿಲ್ಲ. ನಾನು ಕಾಲರ್ ಸಾಲಿನಲ್ಲಿ ಕೂತಿದ್ದೆ. ತಲೆ ಎತ್ತಿದರೆ ಮಗಳು ಕಾಣುತ್ತಾಳೆ. ನಾನು ತಲೆ ಎತ್ತಲಿಲ್ಲ. ನಾನು ನೋಡಿದರೆ ಅವಳು ಅತ್ತುಬಿಡುತ್ತಾಳೆ ಎಂದು ಗೊತ್ತಿತ್ತು. ಆ ಹೊತ್ತು ಕಾಲರಿನ ಮೇಲೆ ಹೊಲಿಗೆ ಹಾಕುತ್ತಾ ಹೋದೆ. ಒಂದೂ ಸೊಟ್ಟ ಹೋಗಲಿಲ್ಲ. ಹೊಟ್ಟೆಯೊಳಗಿನ ಬೆಂಕಿ ಕೈಗೆ ಇಳಿಯದ ಹಾಗೆ ಬದುಕಲು ಕಲಿತವಳು ನಾನು.

ಅದಾದ ಮೇಲೆ ಮಗಳು ಬಿಳಿ ಬಟ್ಟೆ ಕಂಡರೆ ಕೈ ಒರೆಸಿಕೊಳ್ಳುತ್ತಿದ್ದಳು. ಮನೆಯಲ್ಲೂ. ತನ್ನ ದಿಂಬಿನ ಚೀಲ ಮುಟ್ಟುವ ಮೊದಲೂ.

ಒಂದು ಬೆಳಿಗ್ಗೆ ಗಾಡಿಯಲ್ಲಿ ಉಳಿದ ಒಂದು ಕಟ್ಟು ಅವಳ ಕೈಗೆ ಬಂತು. ಎದೆಗೆ ಅವಚಿಕೊಂಡರೆ ಬೆವರು ಹತ್ತುತ್ತದೆ ಎಂದು ಮುಂದೆ ಚಾಚಿ ಹಿಡಿದುಕೊಂಡಿದ್ದಳು. ನಾನು ಅವಳ ಸೊಂಟ ಹಿಡಿದಿದ್ದೆ. ತಿರುವಿನಲ್ಲಿ ಒಂದು ತಳ್ಳುಗಾಡಿ ಅಡ್ಡ ಬಂತಂತೆ. ಡ್ರೈವರಣ್ಣ ಹಿಂದಿನ ಪಾಳಿಯನ್ನೂ ಓಡಿಸಿ, ಮನೆಗೆ ಹೋಗದೆ ಬಂದವನು. ತಡವಾಗಿ ಕಂಡ. ಜೋರಾಗಿ ಬ್ರೇಕ್ ಹಾಕಿದ.

ಎಲ್ಲರೂ ಕಂಬಿಗೆ ಕೈ ಹಾಕಿದರು. ಯಾರಾದರೂ ಹಾಕುತ್ತಾರೆ. ಮಗಳು ಹಾಕಲಿಲ್ಲ. ಎರಡೂ ಕೈಯಲ್ಲಿ ಕಟ್ಟನ್ನು ತಲೆಯ ಮೇಲೆ ಎತ್ತಿದಳು. ಕಲೆಕಟ್ಟೆಯ ಮೇಲೆ ಎತ್ತಿದ ಹಾಗೆ. ನನ್ನ ಹಿಡಿತದಿಂದ ಸೊಂಟ ಜಾರಿತು. ಉಬ್ಬಿನ ಮೇಲೆ ಬಿದ್ದಳು. ಅವಳ ಮೇಲೆ ಇಬ್ಬರು ಬಿದ್ದರು. ಕಡ್ಡಿ ಮುರಿದಂಥ ಸದ್ದು. ಅದು ಹಲಗೆಯದು ಎಂದುಕೊಂಡೆ.

ಒಳಗೆಲ್ಲ ಕತ್ತಲೆ, ಕಿರುಚಾಟ. ಬಾಗಿಲು ಬಡಿದೆವು. ಉದ್ದಕ್ಕ ಹೆಗಲು ಕೊಟ್ಟು ಗುದ್ದಿದಳು. ಚಿಲಕ ಹೊರಗೆ. ಡ್ರೈವರಣ್ಣ ಇಳಿದು, ತಳ್ಳುಗಾಡಿಯವನ ಕೈಯಲ್ಲಿ ಬೈಸಿಕೊಂಡು, ಆಮೇಲೆ ಬಂದು ತೆಗೆದ. ನನ್ನ ಮಗಳು ಬೆಳಕಿಗೆ ಕಣ್ಣು ಕಿರಿದು ಮಾಡಿ ಕೇಳಿದ ಮೊದಲ ಮಾತು ಇದು:

“ಅಮ್ಮಾ, ಕಟ್ಟು ಕೊಳೆ ಆಯ್ತಾ?”

“ಇಲ್ಲ ಕಂದ.”

ನಿಜಕ್ಕೂ ಆಗಿರಲಿಲ್ಲ. ಸೂಪರ್‌ವೈಸರ್ ಮೋಟಾರ್ ಬೈಕಿನಲ್ಲಿ ಬಂದ. ಮೊದಲು ಕಟ್ಟು ಬಿಚ್ಚಿದ. ಅಂಗಿಗಳನ್ನು ಒಂದೊಂದಾಗಿ ಮಗುಚಿ ನೋಡಿದ. ಆಮೇಲೆ ಕೇಳಿದ, ಬಿದ್ದದ್ದು ಯಾರು ಎಂದು.

ಸೊಂಟದ ಮೂಳೆ. ಆಸ್ಪತ್ರೆಯವರು ಕೂಡಿಸಿ ಮನೆಗೆ ಕಳಿಸಿದರು. ಏಳಬಾರದು, ಮಗ್ಗುಲಾಗಬಾರದು ಎಂದರು. ನಮ್ಮದು ಒಂದೇ ಕೋಣೆ. ಅತ್ತೆಯ ಮಂಚವನ್ನು ಅವಳಿಗೆ ಬಿಟ್ಟುಕೊಟ್ಟು ಅತ್ತೆ ನೆಲಕ್ಕೆ ಇಳಿದರು. ಮಲ, ಮೂತ್ರ ಎಲ್ಲ ಅಲ್ಲೇ. ಮೊದಲ ಸಲ ಸೊಂಟದ ಕೆಳಗೆ ತಟ್ಟೆ ಇಟ್ಟಾಗ ಮಗಳು ಮುಖ ಗೋಡೆಗೆ ತಿರುಗಿಸಿದಳು. ನಾನು ಹೇಳಿದೆ, “ನಿನ್ನನ್ನ ತೊಳೆದೇ ದೊಡ್ಡವಳು ಮಾಡಿದ್ದು ಮಗಳೇ. ನಡುವೆ ಸ್ವಲ್ಪ ರಜಾ ಸಿಕ್ಕಿತ್ತು ಅಷ್ಟೇ.” ಗೋಡೆಯ ಕಡೆಯಿಂದ ಒಂದು ಸಣ್ಣ ನಗು ಕೇಳಿತು.

ಸೂಪರ್‌ವೈಸರ್ ಹಣ್ಣಿನ ಚೀಲ ಹಿಡಿದುಕೊಂಡು ಬಂದ. ಬಾಗಿಲಲ್ಲೇ ನಿಂತ. ಒಳಗೆ ಬಂದರೆ ಪ್ಯಾಂಟಿಗೆ ನಮ್ಮ ನೆಲ ಹತ್ತೀತು ಎಂಬ ಹಾಗೆ.

“ಮ್ಯಾನೇಜರ್ ತುಂಬಾ ಬೇಜಾರು ಮಾಡ್ಕೊಂಡ್ರಮ್ಮ. ಏನ್ ಮಾಡೋದು, ಹುಡುಗಿ ಕಂಬಿ ಹಿಡ್ಕೊಳ್ಳಲಿಲ್ಲ. ಗಾಡೀಲಿ ಬೋರ್ಡೇ ಹಾಕಿದೀವಲ್ಲ, ಕಂಬಿ ಹಿಡಿದುಕೊಳ್ಳಿ ಅಂತ.”

“ಕೈಲಿ ನಿಮ್ಮ ಕಟ್ಟಿತ್ತು ಸಾರ್.”

“ಒಂದು ಕೈಲಿ ಹಿಡೀಬಹುದಿತ್ತು.”

“ಕಟ್ಟು ಬಿದ್ದಿದ್ರೆ?”

ಅವನು ಹಣ್ಣಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. ದನಿ ತಗ್ಗಿಸಿ ಬಂದ ಕೆಲಸಕ್ಕೆ ಇಳಿದ. “ನೋಡಮ್ಮ, ಆ ಗಾಡಿ ಜನರಿಗೆ ಅಲ್ಲ. ನೀವು ದೂರದಿಂದ ಬರ್ತೀರಿ ಅಂತ ಕರುಣೆಯಿಂದ ಹತ್ತಿಸ್ಕೊಂಡಿದ್ದು. ಲೇಬರ್ ಆಫೀಸಿನಿಂದ ಯಾರಾದ್ರೂ ಬಂದು ಕೇಳಿದ್ರೆ ಹಾಗೇ ಹೇಳಿಬಿಡು. ನಾವೇ ಕೇಳ್ಕೊಂಡು ಹತ್ತಿದ್ವಿ, ಅವಳು ಕಂಬಿ ಹಿಡಿದಿರಲಿಲ್ಲ, ಅಷ್ಟೇ. ಹುಡುಗಿ ಎದ್ದ ಮೇಲೆ ಕೆಲಸ ಇದ್ದೇ ಇರುತ್ತೆ.”

ನೆಲದ ಮೇಲೆ ಕೂತಿದ್ದ ಅತ್ತೆಗೆ ಕಿವಿ ಮಂದ. ಬೇಕಾದದ್ದು ಮಾತ್ರ ಚೆನ್ನಾಗಿ ಕೇಳುತ್ತದೆ.

“ಅಲ್ಲಪ್ಪಾ” ಎಂದರು, “ಕರುಣೆಗೆ ಹೊರಗಡೆಯಿಂದ ಯಾಕೆ ಚಿಲಕ?”

ಅವನು ಹಣ್ಣಿನ ಚೀಲ ಹೊಸ್ತಿಲಲ್ಲಿಟ್ಟು ಹೋದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ನಾನು ಜಗಳಗಂಟಿ ಅಲ್ಲ. ಹಾಲು ಉಕ್ಕಿದರೆ ಒಲೆಗೆ ಬೈಯುವವಳೂ ಅಲ್ಲ. ಆದರೆ ಅಂದು ಸಂಜೆ ಮಗಳ ತಲೆ ಬಾಚುತ್ತಿದ್ದಾಗ ಅವಳು ಚಾವಣಿ ನೋಡುತ್ತಾ ಹೇಳಿದಳು:

“ಅವರು ಹೇಳಿದ್ದೂ ಸರಿ ಅಲ್ವಾ ಅಮ್ಮ? ನಾನು ಕಂಬಿ ಹಿಡೀಬೇಕಿತ್ತು. ನಂದೇ ತಪ್ಪು.”

ನನ್ನ ಕೈಯ ಬಾಚಣಿಗೆ ಅಲ್ಲೇ ನಿಂತಿತು.

ಮುರಿದ ಮೂಳೆ ಕೂಡುತ್ತದೆ. ಡಾಕ್ಟರು ಹೇಳಿದ್ದಾರೆ. ಈ ಮಾತು ಒಳಗೆ ಕೂಡಿಕೊಂಡುಬಿಟ್ಟರೆ? ನಾಳೆ ಇವಳು ಎದ್ದು ನಡೆಯುತ್ತಾಳೆ, ಮದುವೆಯಾಗುತ್ತಾಳೆ, ಮಕ್ಕಳನ್ನು ಎತ್ತುತ್ತಾಳೆ. ಎಲ್ಲಿ ಬಿದ್ದರೂ ನಂದೇ ತಪ್ಪು ಎನ್ನುತ್ತಾಳೆ. ಯಾರು ಬೀಳಿಸಿದರೂ ಎನ್ನುತ್ತಾಳೆ. ಸಿಕ್ಕು ಬಿಡಿಸಿ ಜಡೆ ಹಾಕಿ ಮುಗಿಸಿದೆ. ಆಮೇಲೆ ಉದ್ದಕ್ಕನ ಮನೆಗೆ ಹೋದೆ.

ಅವಳು ಪಾತ್ರೆ ತಿಕ್ಕುತ್ತಿದ್ದಳು. ನಾನೂ ಕೂತು ತಿಕ್ಕಿದೆ.

“ಅಕ್ಕಾ, ನಾಳೆಯಿಂದ ನಾನು ಆ ಗಾಡಿ ಹತ್ತಲ್ಲ.”

“ಮತ್ತೆ ಹೆಂಗೆ ಬರ್ತೀಯ? ಹಾರ್ಕೊಂಡಾ?”

“ನಡ್ಕೊಂಡು.”

ಅವಳು ತಿಕ್ಕುವುದು ನಿಲ್ಲಿಸಿ ನನ್ನನ್ನು ನೋಡಿದಳು. “ಬಿಸಿಲೇರಿರುತ್ತಲ್ಲೇ ಹೋಗಿ ಮುಟ್ಟೋಷ್ಟರಲ್ಲಿ.”

“ಏರಲಿ.”

“ಕೆಲಸದಿಂದ ತೆಗೀತಾರೆ.”

“ನನ್ನೊಬ್ಬಳನ್ನ ತೆಗೀಬಹುದು.”

ಉದ್ದಕ್ಕನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಗಳೊಬ್ಬಳನ್ನು ಬಿಟ್ಟರೆ ನಮ್ಮ ಓಣಿಯವರೆಲ್ಲ ಕಾಲರ್ ಸಾಲಿನವರು. ಒಟ್ಟಿಗೆ ಸೇರಿಸಿಕೊಂಡರು, ಒಟ್ಟಿಗೆ ಕಲಿಸಿದರು, ಒಟ್ಟಿಗೆ ಕೂರಿಸಿದರು. ಹೆಗಲು ಕೂಡಿಸಿದ ಅಂಗಿ ನಮ್ಮಲ್ಲಿಗೆ ಬರುತ್ತದೆ. ಕಾಲರ್ ಕೂರದೆ ಅದು ತೋಳಿನ ಸಾಲಿಗೆ ಹೋಗುವುದಿಲ್ಲ. ತೋಳಾಗದೆ ಮಗ್ಗುಲ ಹೊಲಿಗೆಯಿಲ್ಲ, ಮಗ್ಗುಲಾಗದೆ ಗುಂಡಿಯಿಲ್ಲ. ಅವಳು ಬೂದಿಗೈಯಲ್ಲೇ ಎದ್ದು ಪಕ್ಕದ ಬಾಗಿಲು ತಟ್ಟಿದಳು.

ಬೆಳಿಗ್ಗೆ ಗಾಡಿ ಬಂತು. ಕಟ್ಟುಗಳನ್ನು ಹಾಸಿನ ಮೇಲೆ ಜೋಡಿಸಿದರು. ಹಗ್ಗ ಬಿಗಿದರು. ಗಂಟು ಎಳೆದು ನೋಡಿದರು. ಚಕ್ರದ ಉಬ್ಬನ್ನು ಯಾರೋ ತೊಳೆದಿದ್ದರು. ಸೂಪರ್‌ವೈಸರ್ ಬೈಕಿನ ಮೇಲೆ ಕೂತೇ ಕೂಗಿದ, “ಹತ್ತಿ, ಹತ್ತಿ, ಟೈಮ್ ಆಯ್ತು!”

ಯಾರೂ ಹತ್ತಲಿಲ್ಲ.

“ಏನು? ಕಾಲು ನೋವಾ ಎಲ್ಲರಿಗೂ?”

“ಆ ಗಾಡಿ ಜನರಿಗೆ ಅಲ್ಲ ಸಾರ್” ಎಂದೆ. “ನೀವೇ ಹೇಳಿದ್ದು. ನಮ್ಮ ಮನೆ ಬಾಗಿಲಲ್ಲಿ ನಿಂತು.”

“ನಾನು ಹೇಳಿದ್ದು ಬೇರೆ...”

“ನಾವೂ ಜನ ಸಾರ್. ಬರ್ತೀವಿ, ನೀವು ಮುಂದೆ ಹೋಗಿ.”

ನಡೆದೆವು. ದೊಡ್ಡ ರಸ್ತೆಗೆ ಬಂದಾಗ ಲಾರಿಗಳು ಮೈಮೇಲೆ ಬರುವ ಹಾಗೆ ಹಾರ್ನ್ ಹೊಡೆದವು. ಅಷ್ಟರಲ್ಲಿ ಹಿಂದೆ ಗೂಡ್ಸ್ ಗಾಡಿ ಬಂತು. ಮುಂದೆ ಹೋಗಲಿ ಎಂದು ದಾರಿ ಬಿಟ್ಟೆವು. ಹೋಗಲಿಲ್ಲ. ಡ್ರೈವರಣ್ಣ ಎರಡೂ ಕಡೆಯ ಮಿಣುಕು ದೀಪ ಹಾಕಿಕೊಂಡು ನಮ್ಮ ಹಿಂದೆಯೇ, ನಮ್ಮ ನಡಿಗೆಯಲ್ಲೇ ಬಂದ. ಲಾರಿಗಳು ಅವನನ್ನು ಸುತ್ತು ಹಾಕಿಕೊಂಡು ಹೋದವು. ಸೂಪರ್‌ವೈಸರ್ ಪಕ್ಕಕ್ಕೆ ಬಂದು ಅರಚಿದ, “ಓವರ್‌ಟೇಕ್ ಮಾಡೋ, ಅಂಗಿ ಲೇಟಾಗುತ್ತೆ!”

“ರಸ್ತೆ ಕಿರಿದು ಸಾರ್” ಎಂದ ಡ್ರೈವರಣ್ಣ.

ಆ ರಸ್ತೆಯಲ್ಲಿ ಆನೆ ಮಗ್ಗುಲಾಗಬಹುದು. ಉದ್ದಕ್ಕ ತಿರುಗಿ ನೋಡಿ, “ನಿದ್ದೆ ಮಾಡಿದ್ಯೇನಣ್ಣ ಇವತ್ತಾದ್ರೂ?” ಎಂದು ಕೇಳಿದಳು. ಅವನು ಮುಖ ತಗ್ಗಿಸಿ, “ನಿಮ್ಮ ಹುಡುಗಿ ಬಿದ್ದಾಗಿನಿಂದ ಬರ್ತಿಲ್ಲಕ್ಕ” ಎಂದ. ನನಗೆ ಅವನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಆದರೂ ನಮ್ಮ ಬೆನ್ನಿಗೆ ಅಂದು ಅಡ್ಡ ಇದ್ದವನು ಅವನೊಬ್ಬನೇ.

ಬಸುರಿಯರನ್ನು ನಡುವೆ ಹಾಕಿಕೊಂಡು ನಡೆದೆವು. ಮರ ಸಿಕ್ಕಲ್ಲಿ ಕೂರಿಸಿದೆವು, ನೀರು ಕುಡಿಸಿದೆವು. ಬಿಸಿಲೇರಿದಾಗ ಫ್ಯಾಕ್ಟರಿ ಗೇಟು.

ಒಳಗೆ ಹೋದರೆ ಹಾಲಿನಲ್ಲಿ ಸದ್ದಿಲ್ಲ. ನಾನು ಆ ಹಾಲನ್ನು ಹಾಗೆ ಎಂದೂ ಕೇಳಿರಲಿಲ್ಲ. ನಮ್ಮ ಖಾಲಿ ಮೆಷಿನ್‌ಗಳ ಮುಂದೆ ಕಾಲರಿಲ್ಲದ ಅಂಗಿಗಳು ಗುಡ್ಡೆ ಬಿದ್ದಿದ್ದವು. ತೋಳಿನವರು ಕೈಕಟ್ಟಿ ಕೂತಿದ್ದರು. ಗುಂಡಿಯವರು ಕೈಕಟ್ಟಿ ಕೂತಿದ್ದರು. ಮ್ಯಾನೇಜರ್ ತಾನೇ ಕೆಳಗಿಳಿದು ಬಂದು ನಿಂತಿದ್ದ. ನಮ್ಮೆಲ್ಲರನ್ನೂ ಒಮ್ಮೆ ನೋಡಿ ನನಗೆ ಬೆರಳು ತೋರಿಸಿದ.

“ಇದು ನಿನ್ನ ಕೆಲಸಾನಾ? ಹೋಗು. ಅಲ್ಲಿ ನಿಲ್ಲು.”

ಕಲೆಕಟ್ಟೆ.

ಹೋದೆ. ಮಣೆ ಹತ್ತಿದೆ. ನನ್ನ ಮಗಳು ಅಲ್ಲಿಂದ ಏನು ಕಂಡಿದ್ದಳು ಎಂದು ಆಗ ನನಗೆ ಕಂಡಿತು. ನೂರಾರು ಬಗ್ಗಿದ ತಲೆಗಳು. ನನ್ನ ತಲೆಯೂ ಅವುಗಳಲ್ಲಿ ಒಂದಾಗಿತ್ತು. ಇಂದು ಒಂದೂ ಬಗ್ಗಿರಲಿಲ್ಲ. ಎಲ್ಲರೂ ನೋಡುತ್ತಿದ್ದರು.

ಉದ್ದಕ್ಕ ಬಂದು ನನ್ನ ಪಕ್ಕ ಹತ್ತಿದಳು. ಆಮೇಲೆ ಇನ್ನೊಬ್ಬಳು. ಮಣೆ ಸಾಲದೆ ಉಳಿದವರು ಸುತ್ತ ನಿಂತರು. ಒಬ್ಬರ ಸೊಂಟ ಒಬ್ಬರು ಹಿಡಿದು, ಗಾಡಿಯಲ್ಲಿ ನಿಲ್ಲುವ ಹಾಗೆ.

“ಏನ್ ಬೇಕು ನಿಮಗೆ?” ಎಂದ ಮ್ಯಾನೇಜರ್.

“ಕೂರೋಕೆ ಸೀಟು. ಒಬ್ಬೊಬ್ಬರಿಗೆ ಒಂದೊಂದು. ಒಳಗಿಂದ ತೆಗೆಯೋ ಬಾಗಿಲು. ನಿದ್ದೆ ಮಾಡಿ ಬಂದ ಡ್ರೈವರು. ಆಮೇಲೆ ನೀವು ಇಲ್ಲೇ, ಇಷ್ಟು ಜನರ ಮುಂದೆ ಹೇಳಬೇಕು. ನನ್ನ ಮಗಳು ಬಿದ್ದಿದ್ದು ನಿಮ್ಮ ಗಾಡೀಲಿ, ನಿಮ್ಮ ಅಂಗಿ ಹಿಡ್ಕೊಂಡು, ನಿಮ್ಮ ಈ ಮಣೆಗೆ ಹೆದರಿ.”

“ಅವಳ ಅಜಾಗರೂಕತೆಗೆ ಕಂಪನಿ...”

“ಹಾಗಾದ್ರೆ ನಾಳೇನೂ ನಡ್ಕೊಂಡೇ ಬರ್ತೀವಿ.”

ಮರುದಿನವೂ ನಡೆದೆವು. ಅದರ ಮರುದಿನವೂ. ಪಾದದಲ್ಲಿ ಬೊಬ್ಬೆ ಎದ್ದವು. ಸಂಜೆ ಅತ್ತೆ ಬಿಸಿನೀರು ಕಾಯಿಸಿ ಬಕೆಟಿನಲ್ಲಿ ನನ್ನ ಕಾಲಿಡಿಸುತ್ತಿದ್ದರು. “ನನ್ನ ಮಗನನ್ನ ಕಟ್ಕೊಂಡಾಗಲೂ ಇಷ್ಟು ನಡೆದಿರಲಿಲ್ಲ ನೀನು” ಎನ್ನುತ್ತಿದ್ದರು. ನಾವು ಹೋಗಿ ಮುಟ್ಟುವವರೆಗೆ ಹೊಸಬರನ್ನು ಕಾಲರ್ ಸಾಲಿಗೆ ಕೂರಿಸಿ ನೋಡಿದರು. ಅವರು ಹೊಲಿದ ಕಾಲರುಗಳು ನಾಯಿಯ ಕಿವಿಯ ಹಾಗೆ ಒಂದು ಮೇಲೆ, ಒಂದು ಕೆಳಗೆ. ಅವರ ತಪ್ಪಲ್ಲ. ಒಂದು ಬೆಳಿಗ್ಗೆಯಲ್ಲಿ ಕೂರುವ ಕೈಯಲ್ಲ ಅದು.

ಕೊನೆಗೆ ಬಸ್ಸು ಬಂತು. ಹಳೆಯದು, ಬಣ್ಣ ಹೋದದ್ದು. ಆದರೆ ಬಸ್ಸು. ಮ್ಯಾನೇಜರ್ ಅದನ್ನು ಕಂಪನಿಯ ಔದಾರ್ಯ ಎಂದು ಮೈಕಿನಲ್ಲಿ ಹೇಳಿದ. ಮಗಳ ವಿಷಯದಲ್ಲಿ ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ನಾಲ್ಕು ಮಾತು. ಇರಲಿ. ಲೇಬರ್ ಆಫೀಸಿನವರು ಬಂದಾಗ ಹೇಳುವುದು ನನ್ನ ಬಾಯಿ, ಅವನದಲ್ಲ.

ಹತ್ತಿದ ಕೂಡಲೆ ನಾನು ಮೊದಲು ಬಾಗಿಲು ಹಾಕಿಸಿದೆ. ಒಳಗಿನಿಂದ ತೆಗೆದೆ. ಮತ್ತೆ ಹಾಕಿಸಿದೆ, ಮತ್ತೆ ತೆಗೆದೆ. “ಬಾಗಿಲು ಸವೆದೀತು ಕಣೆ” ಎಂದಳು ಉದ್ದಕ್ಕ. ಆಮೇಲೆ ಕಿಟಕಿಯ ಪಕ್ಕದ ಒಂದು ಸೀಟಿನ ಮೇಲೆ ನನ್ನ ಊಟದ ಚೀಲ ಇಟ್ಟು, ಅದರ ಪಕ್ಕ ನಾನು ಕೂತೆ.

ಮೊದಲ ದಿನ ಎಂದು ಸೂಪರ್‌ವೈಸರೂ ಬಂದ. ಗೂಡ್ಸ್ ಗಾಡಿಯಲ್ಲಿ ಹಿಡಿಸದ ಒಂದು ಕಟ್ಟು ಅವನ ಕೈಯಲ್ಲಿತ್ತು. ಬಸ್ಸೆಲ್ಲ ನೋಡಿದ. ಖಾಲಿ ಇದ್ದದ್ದು ಒಂದೇ ಸೀಟು.

“ಚೀಲ ತೆಗಿ. ಕಟ್ಟು ಇಡ್ಬೇಕು.”

“ಅದು ನನ್ನ ಮಗಳ ಸೀಟು ಸಾರ್.”

“ಅವಳಿಲ್ಲವಲ್ಲ?”

“ಬರ್ತಾಳೆ.”

“ಸರಿ, ನಾನಾದ್ರೂ ಕೂತ್ಕೊಳ್ಳೋದು ಬೇಡ್ವಾ?”

“ಕಂಬಿ ಇದೆ ಸಾರ್” ಎಂದಳು ಉದ್ದಕ್ಕ ಹಿಂದಿನಿಂದ.

ಬಸ್ಸು ಹೊರಟಿತು. ಅವನು ಎರಡೂ ಕೈಯಲ್ಲಿ ಕಟ್ಟು ಹಿಡಿದು, ಕಾಲು ಅಗಲಿಸಿ ನಿಂತ. ತಿರುವು ಬಂತು. ಅದೇ ತಿರುವು. ಬಸ್ಸು ಮೆಲ್ಲಗೇ ವಾಲಿತು. ಅಷ್ಟಕ್ಕೇ ಅವನು ಕಟ್ಟನ್ನು ಕೈಬಿಟ್ಟು ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದ. ಕಟ್ಟು ಬಸ್ಸಿನ ನೆಲದ ಮೇಲೆ ಉರುಳಿ, ನಮ್ಮ ಚಪ್ಪಲಿಗಳ ಮಣ್ಣಿನಲ್ಲಿ ಹೋಗಿ ನಿಂತಿತು. ಬಿಳಿ ತೋಳೊಂದು ಹೊರಗೆ ಬಂದಿತ್ತು.

ಅವನು ಅದನ್ನು ನೋಡಿದ. ನಮ್ಮನ್ನು ನೋಡಿದ. ಯಾರೂ ಬಗ್ಗಲಿಲ್ಲ.

ಸಂಜೆ ಮಗಳಿಗೆ ಮೈ ಒರೆಸುತ್ತಾ ಎಲ್ಲವನ್ನೂ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು.

“ಕೈ ಬಿಟ್ಟೇಬಿಟ್ರಾ?”

“ಬಿಟ್ಟೇಬಿಟ್ಟ.”

“ಕಲೆ ಆಯ್ತಾ?”

“ಆಯ್ತು. ಮೂರು ಅಂಗಿಗೆ.”

“ಮತ್ತೆ... ಅವರನ್ನ ಮಣೆ ಮೇಲೆ ನಿಲ್ಲಿಸಿದ್ರಾ?”

“ಇಲ್ಲ.”

ನಾನು ಬಟ್ಟೆ ಹಿಂಡಿ ಅವಳ ಕೈ ಒರೆಸಿದೆ, ಒಂದೊಂದೇ ಬೆರಳು. ಕತ್ತರಿ ತಾಗಿದ ಬೆರಳಿನ ಗುರುತು ಇನ್ನೂ ಇತ್ತು. ಕೊನೆಯ ಬೆರಳು ಒರೆಸುವಾಗ ಅವಳು ಚಾವಣಿಯನ್ನಲ್ಲ, ನನ್ನನ್ನು ನೋಡಿ ಹೇಳಿದಳು:

“ಅವರಿಗೆ ಮಣೆ ಭಯ ಇಲ್ಲ. ಅದಕ್ಕೇ ಅವರಿಗೆ ಕಂಬಿ ಹಿಡಿಯೋಕೆ ಆಯ್ತು.”

“ಹೂಂ.”

“ನಂಗೆ ಆಗ್ಲಿಲ್ಲ. ಅಷ್ಟೇ ತಾನೇ ಅಮ್ಮ?”

“ಅಷ್ಟೇ ಕಂದ.”

ನೆಲದಿಂದ ಅತ್ತೆ ಏನು ಮಾತೆಂದು ಕೇಳಿದರು. ಮಗಳು ಜೋರಾಗಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಅಜ್ಜೀ, ನಂದೇನೂ ತಪ್ಪಿಲ್ವಂತೆ!”

“ಅದು ನಂಗೆ ಮೊದಲೇ ಕೇಳಿಸಿತ್ತು” ಎಂದರು ಅತ್ತೆ.